ಗೋಪುರದ ಮೇಲೊಂದು ಶಾಯಿಗೆರೆ

ವೆನಿಸ್ಸಿನ ಒಂದು ಚಿತ್ರದ ಕಾರ್ಡು ನನ್ನ ಮೇಜಿನ ಮೇಲಿದೆ. ಸೇಂಟ್ ಮಾರ್ಕ್ ಚೌಕ, ಒಂದಷ್ಟು ಪಾರಿವಾಳ, ಪಕ್ಕದಲ್ಲಿ ಎತ್ತರದ ಗಂಟೆಗೋಪುರ. ಗೋಪುರದ ನಡುವಿಗಿಂತ ಸ್ವಲ್ಪ ಕೆಳಗೆ ಯಾರೋ ಕಪ್ಪು ಶಾಯಿಯಲ್ಲಿ ಒಂದು ಅಡ್ಡಗೆರೆ ಎಳೆದಿದ್ದಾರೆ. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಹಾಕ್ತೀವಲ್ಲ, ಹಾಗೆ. ಗೆರೆಯ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಒಂದು ಮಾತು. ಸದ್ಯಕ್ಕೆ ಇಲ್ಲಿವರೆಗೆ ಮಾತ್ರ ಅಂತ ಅದರ ಅರ್ಥ. ಅಂಚೆಯ ಠಸ್ಸೆಯಲ್ಲಿ 1908 ಅಂತ ಕಾಣುತ್ತೆ, ತಿಂಗಳು ಏಪ್ರಿಲ್.

ಎರಡು ವರ್ಷದ ಹಿಂದೆ ನಾನು ಇದನ್ನು ಕೊಂಡುಕೊಂಡೆ. ಕೊಂಡುಕೊಂಡೆ ಅನ್ನೋದೂ ಪೂರ್ತಿ ನಿಜ ಅಲ್ಲ. ನಾನಿರೋದು ಇಂಗ್ಲೆಂಡಿನ ದಕ್ಷಿಣದ ಒಂದು ಸಣ್ಣ ಊರಲ್ಲಿ. ಇಲ್ಲಿ ಭಾನುವಾರ ಬೆಳಿಗ್ಗೆ ಜನ ಒಂದು ಮೈದಾನದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದಿಟ್ಟು, ಮನೆಯ ಹಳೇ ಸಾಮಾನು ಮಾರ್ತಾರೆ. ಸಂತೆಯ ಹಾಗೇ, ಗದ್ದಲ ಮಾತ್ರ ಕಮ್ಮಿ. ಅಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ತಗಡಿನ ಬಿಸ್ಕೆಟ್ ಡಬ್ಬಿ. ಚಕ್ಕುಲಿ ಹಾಕಿಡೋಕೆ ಹೇಳಿ ಮಾಡಿಸಿದ ಹಾಗಿತ್ತು. ಒಳಗೆ ಕಾಗದಗಳಿದ್ದವು. ಮಾರೋ ತಾತ, ‘ಡಬ್ಬಿಗೆ ಎಂಟು ಪೌಂಡು, ಕಾಗದ ಬೇಡ ಅಂದ್ರೆ ಮನೆಗೆ ಹೋಗಿ ಬಿಸಾಕಿ’ ಅಂದರು. ಡಬ್ಬಿಯಲ್ಲಿ ಈಗ ಚಕ್ಕುಲಿಯೇ ಇದೆ. ಕಾಗದಗಳು ಮೇಜಿನ ಮೇಲಿವೆ.

ಒಟ್ಟು 21 ಕಾರ್ಡು, ಎರಡು ಪತ್ರ. ಎಲ್ಲ ಒಂದೇ ಕೈಬರಹ, ಎಲ್ಲವೂ ಒಬ್ಬರೇ ಗೆಳತಿಗೆ ಹೋದವು. ಮೊದಲನೆಯದು 1904ರದ್ದು, ಕೊನೆಯದು 1911ರದ್ದು. ಅಂದರೆ ಏಳನೇ ಎಡ್ವರ್ಡ್ ರಾಜನ ಕಾಲ, ಮತ್ತೆ ಅವನು ಸತ್ತ ಮೇಲೆ ಒಂದು ವರ್ಷ. ಬರೆದವರು ಕೆಳಗೆ ಒಂದೇ ಅಕ್ಷರ ಹಾಕಿ ಬಿಟ್ಟಿದ್ದಾರೆ. ನಾನು ಅವರನ್ನು ದೊಡ್ಡಮ್ಮ ಅಂತ ಕರೆಯೋಕೆ ಶುರು ಮಾಡಿದೆ. 1907ರ ಒಂದು ಕಾರ್ಡಿನಲ್ಲಿ ಇವತ್ತಿಗೆ ಅರವತ್ತೆಂಟು ತುಂಬಿತು ಅಂತ ಬರೆದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ, ಹುಟ್ಟಿದ್ದು 1839. ಜಗತ್ತಿನ ಮೊದಲ ಅಂಚೆಚೀಟಿ ಇಂಗ್ಲೆಂಡಿನಲ್ಲಿ ಬಂದಿದ್ದು 1840ರ ಮೇ ತಿಂಗಳಲ್ಲಿ. ನಮ್ಮ ದೊಡ್ಡಮ್ಮ ಅಂಚೆಚೀಟಿಗಿಂತ ಒಂದು ವರ್ಷ ಹಿರಿಯರು!

ಅವರ ಬರಹ ಬಿಡಿಸೋದಕ್ಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಹಳೇ ಕಾಲದ ಮೋಡಿ ಅಕ್ಷರ, ಒಂದಕ್ಕೊಂದು ಕೊಂಡಿ. ಜೊತೆಗೆ ಜಾಗ ಉಳಿಸೋ ಚಟ. ಕಾರ್ಡು ತುಂಬಿದ ಮೇಲೆ ಅಂಚಿನಲ್ಲಿ ಸುತ್ತ ಬರೀತಾರೆ, ಆಮೇಲೆ ತಲೆಕೆಳಗು ಮಾಡಿ ಸಾಲುಗಳ ಸಂದಿಯಲ್ಲಿ ಬರೀತಾರೆ. ಎರಡು ಪತ್ರಗಳಲ್ಲಿ ಒಂದಂತೂ ಅಡ್ಡಬರಹ. ಪುಟ ಪೂರ್ತಿ ಬರೆದು, ಕಾಗದವನ್ನು ಕಾಲುಸುತ್ತು ತಿರುಗಿಸಿ, ಮೊದಲಿನ ಸಾಲುಗಳ ಮೇಲೇ ಅಡ್ಡಲಾಗಿ ಮತ್ತೆ ಬರೆದಿದ್ದಾರೆ. ದೂರದಿಂದ ನೋಡಿದರೆ ಸೊಳ್ಳೆಪರದೆಯ ಬಟ್ಟೆ. ಒಂದೇ ಪೆನ್ನಿಗೆ ಪತ್ರ ಕಳಿಸೋ ಅಂಚೆ ಬರೋದಕ್ಕೆ ಮುಂಚೆ ಹಾಳೆ ಲೆಕ್ಕದಲ್ಲಿ ದುಡ್ಡು ತಗೋತಿದ್ದರಲ್ಲ, ಆಗಿನ ಅಭ್ಯಾಸ. ತಾಯಿಯಿಂದ ಕಲಿತಿರಬೇಕು. ದರ ಇಳಿದು ಅರವತ್ತು ವರ್ಷ ಆದ ಮೇಲೂ ಕೈ ಬಿಟ್ಟಿಲ್ಲ. ನಮ್ಮಜ್ಜಿ ಪ್ಲಾಸ್ಟಿಕ್ ಕವರು ತೊಳೆದು ಒಣಹಾಕ್ತಿದ್ದದ್ದು ನೆನಪಾಯಿತು.

ಮೊದಲು ಗೋಪುರದ ಕತೆ ಹೇಳಿಬಿಡ್ತೀನಿ.

1902ರ ಜುಲೈ 14, ಸೋಮವಾರ ಬೆಳಿಗ್ಗೆ. ವೆನಿಸ್ಸಿನ ಆ ಗಂಟೆಗೋಪುರ ಕುಸಿದು ಬಿತ್ತು. ಸುಮಾರು 99 ಮೀಟರ್ ಎತ್ತರದ ಇಟ್ಟಿಗೆಯ ರಾಶಿ, ನೂರಾರು ವರ್ಷದಿಂದ ನಿಂತಿದ್ದದ್ದು, ಇದ್ದ ಜಾಗದಲ್ಲೇ ಕೂತುಬಿಟ್ಟಿತು. ಗೋಡೆ ಬಿರುಕು ಬಿಡ್ತಿರೋದು ಗೊತ್ತಾಗಿ ಜನರನ್ನು ಮೊದಲೇ ದೂರ ಕಳಿಸಿದ್ದರು. ಒಂದು ಮನುಷ್ಯಜೀವವೂ ಹೋಗಲಿಲ್ಲ. ಸತ್ತಿದ್ದು ಕಾವಲುಗಾರನ ಬೆಕ್ಕು ಮಾತ್ರ. ಬೀಳೋ ಕ್ಷಣವನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿರಲಿಲ್ಲ. ಆದರೆ ಕಾರ್ಡು ಮಾರೋರಿಗೆ ಅಷ್ಟು ತಾಳ್ಮೆ ಎಲ್ಲಿ? ಹಳೇ ಫೋಟೋ ಮೇಲೆ ಬಿರುಕು, ಧೂಳು, ಬೀಳ್ತಿರೋ ಇಟ್ಟಿಗೆ ಎಲ್ಲ ಕೈಯಲ್ಲೇ ಸೇರಿಸಿ, ಗೋಪುರ ಕುಸಿಯೋ ‘ನಿಜವಾದ ಚಿತ್ರ’ ಅಂತ ಮಾರಿದರು. ಸುಳ್ಳು ಫೋಟೋ ಹಂಚೋ ಚಾಳಿ ವಾಟ್ಸಾಪಿನಿಂದ ಶುರುವಾಗಿದ್ದಲ್ಲ.

ದೊಡ್ಡಮ್ಮ 1904ರಲ್ಲಿ ವೆನಿಸ್ಸಿಗೆ ಹೋದಾಗ ಕಳಿಸಿದ್ದು ಅಂಥದೇ ಒಂದು ಕಾರ್ಡು. ಅದರಲ್ಲಿ ಅವರು ಗೋಪುರದ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಬರೆದಿರೋದೆಲ್ಲ ಬೆಕ್ಕಿನ ಬಗ್ಗೆ. ಯಾಕೆ ಅಂತ ಮೊದಲು ಗೊತ್ತಾಗಲಿಲ್ಲ. ಮುಂದಿನ ಕಾರ್ಡುಗಳನ್ನು ಓದ್ತಾ ಹೋದಾಗ ತಿಳಿಯಿತು, ಗೆಳತಿಯ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ಯೂರೋಪಿಗೆಲ್ಲ ದೊಡ್ಡ ಸುದ್ದಿಯಾದ ಒಂದು ದುರಂತ, ಸಮುದ್ರದ ದಂಡೆಯ ಆ ಮನೆಗೆ ಬೆಕ್ಕಿನ ಸುದ್ದಿಯಾಗಿ ತಲುಪಿತು.

ವೆನಿಸ್ಸಿನವರು ಗೋಪುರವನ್ನು ಮೊದಲು ಹೇಗಿತ್ತೋ ಹಾಗೆ, ಎಲ್ಲಿತ್ತೋ ಅಲ್ಲೇ ಮತ್ತೆ ಕಟ್ತೀವಿ ಅಂತ ತೀರ್ಮಾನ ಮಾಡಿದರು. 1903ರಲ್ಲಿ ಅಡಿಗಲ್ಲು ಹಾಕಿದರು, ಮುಗಿದಿದ್ದು 1912ರ ಏಪ್ರಿಲ್ 25ಕ್ಕೆ. ನಡುವೆ ಹತ್ತು ವರ್ಷ ಚೌಕದಲ್ಲಿ ಗೋಪುರ ಇರಲಿಲ್ಲ, ಅಥವಾ ಅರ್ಧ ಇತ್ತು. ಅಂಗಡಿಗಳಲ್ಲಿ ಮಾತ್ರ ಹಳೇ ಕಾರ್ಡು, ಹಳೇ ಗೋಪುರ. ದೊಡ್ಡಮ್ಮ 1908ರಲ್ಲಿ ಮತ್ತೆ ಹೋದಾಗ ಅಂಥ ಒಂದು ಕಾರ್ಡು ಕೊಂಡು, ಚೌಕದಲ್ಲಿ ಕೂತು, ಕಣ್ಣಳತೆಯಲ್ಲೇ ಗೆರೆ ಎಳೆದರು. ಗೆಳತಿಗೆ ಸುಳ್ಳು ಚಿತ್ರ ಕಳಿಸೋಕೆ ಮನಸ್ಸು ಬರಲಿಲ್ಲ ಅಂತ ಕಾಣುತ್ತೆ.

ಅದೇ ಗೆರೆ ನನ್ನನ್ನು ಹಿಡಿದು ಹಾಕಿದ್ದು. ಗೈಡು ಪುಸ್ತಕದಲ್ಲಿ, ಬಣ್ಣದ ಚಿತ್ರದಲ್ಲಿ ಇರೋ ಊರು ಒಂದು. ಮಂಡಿನೋವು ಇಟ್ಟುಕೊಂಡು ನಿಜವಾಗಿ ಹೋಗಿ ನಿಂತಾಗ ಸಿಗೋ ಊರು ಇನ್ನೊಂದು. ಈ ಎರಡರ ನಡುವಿನ ವ್ಯತ್ಯಾಸವನ್ನು ಲೋಕಕ್ಕೆಲ್ಲ ಹೇಳೋಕಾಗಲ್ಲ. ಒಬ್ಬ ಗೆಳತಿಗೆ ಹೇಳಬಹುದು. ದೊಡ್ಡಮ್ಮ ಏಳು ವರ್ಷ ಮಾಡಿದ್ದು ಬಹುಮಟ್ಟಿಗೆ ಇದೇ ಕೆಲಸ.

ಚಿತ್ರದ ಕಾರ್ಡು ಆಗ ಹೊಸ ಹುಚ್ಚು. ಬ್ರಿಟನ್ನಿನಲ್ಲಿ 1894ರವರೆಗೆ ಖಾಸಗಿಯವರು ಅಚ್ಚು ಹಾಕಿದ ಚಿತ್ರದ ಕಾರ್ಡನ್ನು ಚೀಟಿ ಹಚ್ಚಿ ಕಳಿಸೋ ಹಾಗೇ ಇರಲಿಲ್ಲ. ಆಮೇಲೂ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳಬೇಕಾದ್ದನ್ನು ಚಿತ್ರದ ಪಕ್ಕ ಉಳಿದ ಬಿಳಿ ಜಾಗದಲ್ಲಿ ಗೀಚಬೇಕು. ಹಿಂಬದಿಯ ನಡುವೆ ಗೆರೆ ಎಳೆದು ಅರ್ಧ ಮಾತಿಗೆ, ಅರ್ಧ ವಿಳಾಸಕ್ಕೆ ಅಂತ ಬ್ರಿಟನ್ ಒಪ್ಪಿಕೊಂಡಿದ್ದು 1902ರಲ್ಲಿ. ಫ್ರಾನ್ಸ್ 1904ರಲ್ಲಿ, ಜರ್ಮನಿ 1905ರಲ್ಲಿ. ಡಬ್ಬಿಯ ಕಾರ್ಡುಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುತ್ತೆ. ಮೊದಮೊದಲಿನವುಗಳಲ್ಲಿ ಆಲ್ಪ್ಸ್ ಪರ್ವತದ ಆಕಾಶದ ತುಂಬ ದೊಡ್ಡಮ್ಮನ ಅಕ್ಷರ. ಹಿಮದ ಮೇಲೂ ಬರೆದಿದ್ದಾರೆ, ಖಾಲಿ ಜಾಗ ಅಲ್ವಾ. 1909ರ ಹೊತ್ತಿಗೆ ಬ್ರಿಟನ್ನಿನ ಅಂಚೆಯಲ್ಲಿ ವರ್ಷಕ್ಕೆ 80 ಕೋಟಿಗೂ ಜಾಸ್ತಿ ಕಾರ್ಡು ಓಡಾಡ್ತಿದ್ದವು. ಪತ್ರ ಬರೆಯೋ ಕಲೆ ಸತ್ತೇ ಹೋಯ್ತು ಅಂತ ಆಗಲೂ ಹಿರಿಯರು ಗೊಣಗ್ತಿದ್ದರಂತೆ. ನಮ್ಮ ದೊಡ್ಡಮ್ಮ ಮಾತ್ರ ಖುಷಿಯಾಗಿ ಬದಲಾದವರು.

ಪ್ರಯಾಣದ ದಾರಿ ಕಾರ್ಡುಗಳಿಂದಲೇ ಗೊತ್ತಾಗುತ್ತೆ. ಲಂಡನ್ನಿನಿಂದ ರೈಲು, ಡೋವರಿನಿಂದ ಹಡಗು, ಕಲೇಯಿಂದ ಮತ್ತೆ ರೈಲು. ಆ ಕಡಲಗಾಲುವೆಗೆ 1903ರಲ್ಲಿ ‘ದಿ ಕ್ವೀನ್’ ಅನ್ನೋ ಟರ್ಬೈನ್ ಹಡಗು ಬಂದಿತ್ತು. ಅಲುಗಾಟ ಕಮ್ಮಿ ಅಂತ ಹೆಸರು. ದೊಡ್ಡಮ್ಮನ ಹೊಟ್ಟೆ ಅದನ್ನೂ ಒಪ್ಪಿದ ಹಾಗಿಲ್ಲ. ಇಟಲಿಗೆ ಮೊದಲೆಲ್ಲ ಗೊಟ್ಹಾರ್ಡ್ ಸುರಂಗದ ಮೂಲಕ ಹೋಗ್ತಿದ್ದರು. ಹದಿನೈದು ಕಿಲೋಮೀಟರ್ ಉದ್ದ, ಉಗಿಬಂಡಿ, ಕಿಟಕಿ ಮುಚ್ಚದಿದ್ದರೆ ಮುಖವೆಲ್ಲ ಮಸಿ. 1906ರಲ್ಲಿ ಸಿಂಪ್ಲೋನ್ ಸುರಂಗ ತೆರೆಯಿತು. ಸುಮಾರು ಇಪ್ಪತ್ತು ಕಿಲೋಮೀಟರ್, ಅದೂ ಶುರುವಿನಿಂದಲೇ ವಿದ್ಯುತ್ ರೈಲು. ಆ ವರ್ಷ ಅಕ್ಟೋಬರಿನಲ್ಲಿ ಸ್ಟ್ರೇಸಾ ಊರಿನ ಕೆರೆಯ ದಂಡೆಯಿಂದ ಬಂದ ಕಾರ್ಡಿನಲ್ಲಿ ಕೆರೆಯ ಚೆಲುವಿಗೆ ಒಂದು ಸಾಲು, ಸುರಂಗದಿಂದ ಹೊರಗೆ ಬಂದಾಗಲೂ ಬಿಳಿ ಕರ್ಚೀಫು ಬಿಳಿಯಾಗೇ ಇತ್ತು ಅನ್ನೋದಕ್ಕೆ ಮೂರು ಸಾಲು.

ಪಾಸ್‌ಪೋರ್ಟು ಅನ್ನೋ ಪದ ಈ 23 ಕಾಗದಗಳಲ್ಲಿ ಒಂದು ಕಡೆಯೂ ಇಲ್ಲ. ಬೇಕಾಗಿರಲಿಲ್ಲ. 1914ರ ಯುದ್ಧಕ್ಕೆ ಮುಂಚೆ ರಷ್ಯಾ, ತುರ್ಕಿಯಂಥ ಕಡೆ ಬಿಟ್ಟರೆ ಯೂರೋಪಿನ ಬಹಳಷ್ಟು ದೇಶಗಳಿಗೆ ಸುಮ್ನೆ ರೈಲು ಹತ್ತಿ ಹೋಗಬಹುದಿತ್ತು. ಇದನ್ನು ಓದಿದ ವಾರವೇ ನಾನು ನನ್ನ ಶೆಂಗನ್ ವೀಸಾಕ್ಕೆ ಅರ್ಜಿ ಹಾಕ್ತಿದ್ದೆ. ಮೂರು ತಿಂಗಳ ಬ್ಯಾಂಕ್ ಲೆಕ್ಕ, ಸಂಬಳದ ಚೀಟಿ, 30,000 ಯೂರೋದ ಆರೋಗ್ಯ ವಿಮೆ, ಹತ್ತು ಬೆರಳಿನ ಅಚ್ಚು. ಫೋಟೋದಲ್ಲಿ ಕಿವಿ ಸರಿಯಾಗಿ ಕಾಣ್ತಿಲ್ಲ ಅಂತ ಒಂದು ಸಲ ವಾಪಸ್ ಕಳಿಸಿದರು. ಮನೆಗೆ ಬಂದು ದೊಡ್ಡಮ್ಮನ ಮೇಲೆ ಸಿಟ್ಟು ಬಂತು. ಪಾಪ, ಅವರೇನು ಮಾಡ್ತಾರೆ.

ಅವರ ಜೊತೆ ಯಾವಾಗಲೂ ಇದ್ದದ್ದು ಕೆಂಪು ರಟ್ಟಿನ ಬೇಡೆಕರ್ ಗೈಡು. ಲೈಪ್‌ಜಿಗ್ಗಿನಲ್ಲಿ ಅಚ್ಚಾಗ್ತಿದ್ದ ಜರ್ಮನ್ ಗೈಡು, ಇಂಗ್ಲಿಷಿನಲ್ಲೂ ಬರ್ತಿತ್ತು. ನೋಡಲೇಬೇಕಾದ ಚಿತ್ರಕ್ಕೆ, ದೃಶ್ಯಕ್ಕೆ, ಒಳ್ಳೆ ಹೋಟೆಲಿಗೆ ಅದರಲ್ಲಿ ನಕ್ಷತ್ರ ಹಾಕ್ತಿದ್ದರು. ಒಂದು ನಕ್ಷತ್ರ ಇದ್ದರೆ ನಿಂತು ನೋಡಬೇಕು. ಎರಡು ಇದ್ದರೆ ನಿಟ್ಟುಸಿರು ಬಿಡಬೇಕು ಅನ್ನೋದು ದೊಡ್ಡಮ್ಮನ ವ್ಯಂಗ್ಯ. ಗೆಳತಿಯ ಹತ್ತಿರವೂ ಅದೇ ಪುಸ್ತಕ ಇತ್ತು ಅಂತ ಕಾಣುತ್ತೆ. ಪುಟದ ಸಂಖ್ಯೆ ಹೇಳಿ, ಅಲ್ಲಿ ನಕ್ಷತ್ರ ಹೊಡೆದು ಹಾಕು, ಇಲ್ಲಿ ಒಂದು ಸೇರಿಸು ಅಂತ ಆಗಾಗ ಬರೀತಾರೆ. ಅಂದರೆ ಊರು ಬಿಟ್ಟು ಕದಲದ ಆ ಗೆಳತಿ, ಮನೆಯಲ್ಲಿ ಕೂತು ಪೆನ್ಸಿಲ್ ಹಿಡಿದು ಯೂರೋಪನ್ನು ತಿದ್ದುತ್ತಿದ್ದರು!

ಎರಡು ಪತ್ರಗಳಲ್ಲಿ ನನಗೆ ಇಷ್ಟವಾದದ್ದು 1906ರ ಫೆಬ್ರವರಿಯ, ಫ್ಲಾರೆನ್ಸಿನದು. ಅದೇ ಸೊಳ್ಳೆಪರದೆ ಪತ್ರ. ದೊಡ್ಡಮ್ಮ ಅಲ್ಲಿ ಒಂದು ಪೆನ್ಸಿಯೋನೆಯಲ್ಲಿ ಆರು ವಾರ ಇದ್ದರು. ಪೆನ್ಸಿಯೋನೆ ಅಂದರೆ ಊಟ ತಿಂಡಿ ಸೇರಿ ದಿನಕ್ಕೆ ಇಷ್ಟು ಅಂತ ಕೊಟ್ಟು ಇರೋ ಮನೆ. ನಮ್ಮಲ್ಲಿ ಹಿಂದೆ ಖಾನಾವಳಿ ಜೊತೆಗೆ ರೂಮು ಕೊಡ್ತಿದ್ದರಲ್ಲ, ಅದರ ಸ್ವಲ್ಪ ಠೀವಿಯ ರೂಪ. ಊಟಕ್ಕೆ ಒಂದೇ ಉದ್ದನೆ ಮೇಜು. ಹೊಸದಾಗಿ ಬಂದವರು ಬಾಗಿಲ ಹತ್ತಿರದ ತುದಿಯಲ್ಲಿ, ಗಾಳಿ ಹೊಡೆಯೋ ಕಡೆ ಕೂರಬೇಕು. ಹಳಬರು ಊರು ಬಿಟ್ಟ ಹಾಗೆ ಒಂದೊಂದೇ ಕುರ್ಚಿ ಮೇಲೆ ಸರೀತಾ ಹೋಗಬಹುದು. ಮೇಲಿನ ತುದಿಯಲ್ಲಿ ಒಲೆ. ಆರು ವಾರದಲ್ಲಿ ದೊಡ್ಡಮ್ಮ ಎಲ್ಲಿಂದ ಎಲ್ಲಿಗೆ ಸರಿದರು ಅನ್ನೋದಕ್ಕೆ ಪತ್ರದಲ್ಲಿ ಒಂದು ನಕ್ಷೆಯೇ ಇದೆ. ಕುರ್ಚಿಗಳಿಗೆ ಚೌಕ, ತಮಗೆ ಒಂದು ಗುಣಾಕಾರದ ಗುರುತು. ಪತ್ರ ಬರೆಯೋ ಹೊತ್ತಿಗೆ ಒಲೆಗೆ ಇನ್ನು ಎರಡೇ ಕುರ್ಚಿ. ನಡುವೆ ಇರೋರು ಗಟ್ಟಿಮುಟ್ಟಾಗಿದ್ದಾರೆ, ಹೋಗೋ ಹಾಗೆ ಕಾಣ್ತಿಲ್ಲ ಅಂತ ಬೇಸರ.

ಚಳಿಯ ಬಗ್ಗೆ ಒಂದು ಪುಟ. ಇಟಲಿ ಅಂದರೆ ಬಿಸಿಲು ಅಂತ ಬಂದರೆ ಕಲ್ಲಿನ ನೆಲ, ಎತ್ತರದ ಚಾವಣಿ, ಸೌದೆಗೆ ಬುಟ್ಟಿ ಲೆಕ್ಕದಲ್ಲಿ ಬೇರೆ ದುಡ್ಡು. ಮನೆಯಾಕೆ ಒಂದು ಸ್ಕಾಲ್ದೀನೋ ತಂದುಕೊಟ್ಟರಂತೆ. ಹಿಡಿ ಇರೋ ಮಣ್ಣಿನ ಕುಡಿಕೆ, ಒಳಗೆ ಬೂದಿ ಮುಚ್ಚಿದ ಕೆಂಡ. ಮಡಿಲಲ್ಲಿ ಇಟ್ಟುಕೊಂಡು ಕೈ ಕಾಯಿಸೋದು. ಓದ್ತಿದ್ದ ಹಾಗೆ ನನಗೆ ನಮ್ಮ ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ವಾಸನೆ ಬಂದ ಹಾಗಾಯಿತು. ಬಿಲ್ಲಿನಲ್ಲಿ ಮೇಣದಬತ್ತಿಗೂ ದುಡ್ಡು ಹಾಕಿದ್ದರಿಂದ, ಉರಿದು ಉಳಿದ ತುಂಡುಗಳನ್ನೆಲ್ಲ ಕಟ್ಟಿಕೊಂಡು ಮುಂದಿನ ಊರಿಗೆ ಒಯ್ದರಂತೆ. ಹೋಟೆಲಿನ ಸೋಪು, ಶಾಂಪೂ ಬ್ಯಾಗಿಗೆ ಹಾಕಿಕೊಳ್ಳೋ ನಮ್ಮೆಲ್ಲರ ಹಿರಿಯಕ್ಕ.

ಉಫಿಜಿ ಗ್ಯಾಲರಿಗೂ ಹೋಗಿದ್ದಾರೆ. ಬೊಟ್ಟಿಚೆಲ್ಲಿಯ ವೀನಸ್ ಚಿತ್ರದ ಮುಂದೆ ಕೂತರು. ಕಾಲು ಊದಿತ್ತು, ಬೂಟಿನ ಗುಂಡಿ ಎರಡು ಬಿಚ್ಚಿದರು. ಆಮೇಲೆ ನಿದ್ದೆ ಹತ್ತಿತು. ಎಚ್ಚರ ಆದಾಗ ಒಬ್ಬ ಜರ್ಮನ್ ಮಾಸ್ತರರ ಥರದ ಮನುಷ್ಯ ಚಿತ್ರ ಬಿಟ್ಟು ಇವರನ್ನೇ ನೋಡ್ತಿದ್ದರಂತೆ. ಇದನ್ನು ಅವರು ಅಡ್ಡಬರಹದ ಪದರದಲ್ಲಿ, ಅತಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಬೇರೆ ಯಾರೂ ಕಷ್ಟಪಟ್ಟು ಓದಲ್ಲ ಅನ್ನೋ ಧೈರ್ಯ ಇದ್ದಿರಬೇಕು. 120 ವರ್ಷ ಆದ ಮೇಲೆ ಭೂತಗನ್ನಡಿ ಹಿಡಿದುಕೊಂಡು ನಾನು ಬಂದೆ.

ಚಹಾದ ವಿಷಯಕ್ಕೆ ಬಂದರೆ ದೊಡ್ಡಮ್ಮ ರಾಜಿಯೇ ಆಗಲ್ಲ. ಚಹಾಪುಡಿ ಇಂಗ್ಲೆಂಡಿನದೇ, ಡಬ್ಬಿಯಲ್ಲಿ. ನೀರು ಕಾಯಿಸೋಕೆ ಒಂದು ಸ್ಪಿರಿಟ್ ದೀಪ. ರೈಲಿನ ಡಬ್ಬಿಯಲ್ಲೂ ಅದನ್ನು ಹಚ್ಚಿದ್ದಾರೆ, ಗಾರ್ಡು ಬೈದಿದ್ದಾನೆ. ಹಾಸಿಗೆಯಲ್ಲಿ ಉದುರಿಸೋಕೆ ತಿಗಣೆ ಪುಡಿಯೂ ಜೊತೆಗಿತ್ತು. ನಮ್ಮಮ್ಮ ಅಪ್ಪ ಹತ್ತು ದಿನದ ಯೂರೋಪ್ ಟೂರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ಕಾಫಿಪುಡಿ ಎಲ್ಲ ಬಂತು. ಸ್ವಿಟ್ಜರ್‌ಲೆಂಡಿನ ಹೋಟೆಲಿನಲ್ಲಿ ಅಮ್ಮ ಕೆಟಲಲ್ಲಿ ಅನ್ನ ಮಾಡೋಕೆ ಹೋಗಿ ಫ್ಯೂಸ್ ಹಾರಿಸಿದರು. ನಾನು ನಾಚಿಕೆಯಿಂದ ಸಾಯ್ತಿದ್ದೆ. ಈಗ ಅನಿಸುತ್ತೆ, ಆ ಸ್ಪಿರಿಟ್ ದೀಪದ ಮುಂದೆ ಕೆಟಲ್ ಏನೂ ಅಲ್ಲ. ರೋಮಿನಲ್ಲಿ ಸ್ಪ್ಯಾನಿಷ್ ಮೆಟ್ಟಿಲುಗಳ ಪಕ್ಕ ಬ್ಯಾಬಿಂಗ್‌ಟನ್ಸ್ ಅಂತ ಒಂದು ಚಹಾದಂಗಡಿ ಇದೆ. 1893ರಲ್ಲಿ ಇಬ್ಬರು ಹೆಂಗಸರು ಸೇರಿ ಶುರು ಮಾಡಿದ್ದು, ಇವತ್ತಿಗೂ ನಡೀತಿದೆ. ಊರು ಬಿಟ್ಟು ಬಂದ ಇಂಗ್ಲಿಷರ ಚಹಾದ ಚಡಪಡಿಕೆಯ ಮೇಲೇ ಅದು ನಿಂತಿದ್ದು.

ಇಷ್ಟು ಹೊತ್ತು ದೊಡ್ಡಮ್ಮನನ್ನು ಮುದ್ದು ಮಾಡಿದೆ. ಇನ್ನೊಂದು ಮಗ್ಗುಲೂ ಇದೆ. ಇಟಲಿಯವರಿಗೆ ಸ್ನಾನ ಗೊತ್ತಿಲ್ಲ, ಜರ್ಮನರಿಗೆ ಮೆಲ್ಲಗೆ ಮಾತಾಡೋದು ಗೊತ್ತಿಲ್ಲ, ಫ್ರೆಂಚರನ್ನು ನಂಬೋ ಹಾಗಿಲ್ಲ. ಇಂಥ ಸಾಲುಗಳು ಬೇಕಾದಷ್ಟಿವೆ. ನಮ್ಮ ಕಡೆ ಬಂದಿದ್ದರೆ ನಮ್ಮ ಬಗ್ಗೆ ಏನು ಬರೀತಿದ್ದರೋ, ಯೋಚಿಸೋದೇ ಬೇಡ. ಮತ್ತೆ, ಅವರು ಒಬ್ಬರೇ ಹೋಗ್ತಿರಲಿಲ್ಲ. ಕೆಲಸದಾಕೆಯೊಬ್ಬಳು ಜೊತೆಗಿದ್ದಳು. 23 ಕಾಗದಗಳಲ್ಲಿ ಅವಳ ಪ್ರಸ್ತಾಪ ಮೂರು ಸಲ. ಒಂದು ಸಲ ಕೊಡೆ ಕಳೆದಳು. ಒಂದು ಸಲ ಹಲ್ಲುನೋವು ಅಂತ ಅತ್ತಳು. ಇನ್ನೊಂದು ಸಲ ವೆಸುವಿಯಸ್ ಅಗ್ನಿಪರ್ವತ ನೋಡಿ, ಇದನ್ನು ಯಾರಾದರೂ ಆರಿಸಬಾರದಾ ಅಂದಳು. ಎಲ್ಲ ಕಾಗದಗಳಲ್ಲಿ ಅತ್ಯಂತ ಒಳ್ಳೆಯ ಮಾತು ಅದೇ. ಅವಳ ಹೆಸರಿಲ್ಲ.

ದುಡ್ಡಿನ ಲೆಕ್ಕವೂ ಹಾಕಿ ನೋಡಿದೆ. ಫ್ಲಾರೆನ್ಸಿನ ಪೆನ್ಸಿಯೋನೆಗೆ ದಿನಕ್ಕೆ ಏಳು ಫ್ರಾಂಕು ಅಂತ ದೊಡ್ಡಮ್ಮ ಬರೆದಿದ್ದಾರೆ. ಇಟಲಿಯ ಲೀರಾಕ್ಕೂ ಇಂಗ್ಲಿಷರು ಫ್ರಾಂಕು ಅಂತಲೇ ಅಂತಿದ್ದರು, ಎರಡರ ಬೆಲೆಯೂ ಒಂದೇ. ಆಗ ಒಂದು ಪೌಂಡಿಗೆ ಸುಮಾರು 25 ಫ್ರಾಂಕು. ಬ್ರಿಟನ್ನಿನಲ್ಲಿ ಬಡ ಮುದುಕರಿಗೆ ಮೊದಲ ಸಲ ಸರ್ಕಾರದ ಪಿಂಚಣಿ ಸಿಕ್ಕಿದ್ದು 1909ರ ಜನವರಿ 1ರಂದು. 70 ದಾಟಿರಬೇಕು, ವಾರಕ್ಕೆ ಹೆಚ್ಚೆಂದರೆ ಐದು ಶಿಲಿಂಗು, ಅಂಚೆ ಕಚೇರಿಗೆ ಹೋಗಿ ತಗೋಬೇಕು. ಐದು ಶಿಲಿಂಗು ಅಂದರೆ ಆರು ಫ್ರಾಂಕು ಚಿಲ್ಲರೆ. ದೊಡ್ಡಮ್ಮನ ವಯಸ್ಸಿನ ಒಬ್ಬ ಬಡವಿಯ ಒಂದು ವಾರ, ದೊಡ್ಡಮ್ಮನ ಒಂದು ದಿನಕ್ಕೂ ಸಾಲದು. ಅವರ ಕಾರ್ಡುಗಳನ್ನು ಗೆಳತಿಯ ಊರಿನಲ್ಲಿ ವಿಂಗಡಿಸಿದ ಅದೇ ಅಂಚೆ ಕಚೇರಿಯ ಕಿಟಕಿಯಲ್ಲಿ ಆ ಸಾಲು ನಿಂತಿದ್ದಿರಬೇಕು.

ಈ ಲೆಕ್ಕದ ಒಂದು ತುದಿ ನಮ್ಮ ಕಡೆಗೂ ಬರುತ್ತೆ. ದೊಡ್ಡಮ್ಮ ಚಿನ್ನದ ಸವರನ್ ನಾಣ್ಯಗಳನ್ನು ಒಳಲಂಗದ ಜೇಬಿನಲ್ಲಿ ಹೊಲಿದುಕೊಂಡು ಹೋಗ್ತಿದ್ದರು. ಯಾವ ದೇಶದಲ್ಲೂ ಅದನ್ನು ಬೇಡ ಅನ್ನೋರಿಲ್ಲ. ಸವರನ್ ಅಂದ ಕೂಡಲೇ ನನಗೆ ನಮ್ಮಜ್ಜಿ ಕಾಣ್ತಾರೆ. ಅಜ್ಜಿ ಬಳೆಯ ತೂಕವನ್ನು ಗ್ರಾಮಿನಲ್ಲಿ ಹೇಳಿದವರೇ ಅಲ್ಲ, ಎಲ್ಲ ಸವರನ್ ಲೆಕ್ಕ. ಆ ಹೊತ್ತಿನಲ್ಲಿ ಕೋಲಾರದ ಗಣಿ ಭರ್ತಿ ನಡೀತಿತ್ತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟಿದ್ದರು. ಬೆಂಗಳೂರಿಗೆ ದೀಪ ಬರೋದಕ್ಕೂ ಮುಂಚೆ. ತೆಗೆದ ಚಿನ್ನ ಹಡಗು ಹತ್ತಿ ಲಂಡನ್ನಿಗೆ, ಲಾಭ ಅಲ್ಲಿನ ಷೇರುದಾರರಿಗೆ. ಸಾವಿರಾರು ಅಡಿ ಕೆಳಗೆ ಇಳಿದು ಕಲ್ಲು ಒಡೆದವರಿಗೆ ಸಿಕ್ಕಿದ್ದು ದಿನಗೂಲಿ ಮತ್ತು ಕೆಮ್ಮು. ದೊಡ್ಡಮ್ಮ ಫ್ಲಾರೆನ್ಸಿನ ಮೇಜಿನ ಮೇಲೆ ಇಟ್ಟ ನಾಣ್ಯದಲ್ಲಿ ಒಂದು ಚೂರು ನಮ್ಮದಿದ್ದಿದ್ದರೆ ಆಶ್ಚರ್ಯ ಇಲ್ಲ. ಅವರನ್ನು ದೊಡ್ಡಮ್ಮ ಅಂತ ಕರೆಯೋಕೆ ಇದೂ ಒಂದು ಸಂಬಂಧ ಅನ್ನಬಹುದೇನೋ.

ಒಂದೇ ಒಂದು ಕಾರ್ಡಿನಲ್ಲಿ ಅವರ ದನಿ ಬೇರೆ. 1909ರ ಜನವರಿ, ಬೋರ್ಡಿಗೇರಾದಿಂದ. ಹಿಂದಿನ ಡಿಸೆಂಬರ್ 28ರ ಬೆಳಗಿನ ಜಾವ ಇಟಲಿಯ ದಕ್ಷಿಣದ ಮೆಸ್ಸಿನಾ ಊರಿನಲ್ಲಿ ಭೂಕಂಪ ಆಗಿತ್ತು. ಅರ್ಧ ನಿಮಿಷದಲ್ಲಿ ಊರು ಹೋಯಿತು, ಹಿಂದೆಯೇ ಸಮುದ್ರ ಬಂತು. ಸತ್ತವರು 75,000ಕ್ಕೂ ಜಾಸ್ತಿ. ಬೋರ್ಡಿಗೇರಾ ಇರೋದು ಇಟಲಿಯ ಇನ್ನೊಂದು ತುದಿಯಲ್ಲಿ. ಆದರೂ ಆ ಕರಾವಳಿಯವರು 1887ರ ತಮ್ಮ ಭೂಕಂಪವನ್ನು ಮರೆತಿರಲಿಲ್ಲ. ಹೋಟೆಲಿನ ಆಳುಗಳು ರಾತ್ರಿ ಒಳಗೆ ಮಲಗೋಕೆ ಒಪ್ಪಲಿಲ್ಲವಂತೆ. ಕಾರ್ಡಿನಲ್ಲಿ ಮೂರೇ ಸಾಲು. ಕಂಬಳಿ ಕೂಡಿಸ್ತಿದ್ದಾರೆ. ನನ್ನ ಎರಡು ಕೊಟ್ಟೆ. ಚಳಿ ಇದೆ, ಆದರೆ ಅದರ ಬಗ್ಗೆ ಬರೆಯಲ್ಲ. ಅಂಚೆಲ್ಲ ಖಾಲಿ. ಜಾಗ ಬಿಟ್ಟ ಕಾರ್ಡು ಇದೊಂದೇ.

ಗೆಳತಿ ಏನು ಬರೆದರು ಅನ್ನೋದು ಒಂದೂ ಉಳಿದಿಲ್ಲ. ಊರೂರು ತಿರುಗೋರಿಗೆ ಬಂದ ಪತ್ರಗಳು ಆ ಊರಿನ ಅಂಚೆ ಕಚೇರಿಯಲ್ಲಿ ಕಾದಿರ್ತಿದ್ದವು. ಹೋಗಿ ಹೆಸರು ಹೇಳಿ ತಗೋಬೇಕು. ಓದಿದ ಮೇಲೆ ಪೆಟ್ಟಿಗೆ ಭಾರ ಅಂತ ಹರಿದೋ ಸುಟ್ಟೋ ಹಾಕಿರಬೇಕು. ಗೆಳತಿಯ ಮಾತನ್ನೆಲ್ಲ ನಾನು ದೊಡ್ಡಮ್ಮನ ಉತ್ತರದಿಂದ ಹಿಡೀಬೇಕು. ಒಂದು ಕಡೆ, ನೀನು ಕೇಳಿದ ರೇಷ್ಮೆ ಬಣ್ಣ ಸಿಗಲಿಲ್ಲ ಅಂತ ಇದೆ. ಇನ್ನೊಂದು ಕಡೆ, ಮೆಟ್ಟಿಲು ಹತ್ತಬೇಡ ಅಂತ ಡಾಕ್ಟರು ಹೇಳಿದ್ದು ಸರಿ ಅಂತ. 1910ರಿಂದ ಕಾರ್ಡುಗಳ ಅಕ್ಷರ ಇದ್ದಕ್ಕಿದ್ದ ಹಾಗೆ ದೊಡ್ಡದಾಗುತ್ತೆ. ಬರೆಯೋರ ಕಣ್ಣು ಮಂಜಾಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ವಿಳಾಸದ ಅಕ್ಷರ ಮೊದಲಿನಷ್ಟೇ ಸಣ್ಣಗಿದೆ. ಕಣ್ಣು ಮಂಜಾಗಿದ್ದು ಓದೋರದ್ದು.

ಕೊನೆಯ ಕಾರ್ಡು ಪ್ಯಾರಿಸ್ಸಿನದು, 1911ರ ಸೆಪ್ಟೆಂಬರ್. ಆಗಸ್ಟ್ 21ರಂದು ಲೂವ್ರ್‌ನಿಂದ ಮೋನಾಲಿಸಾ ಕಳುವಾಗಿತ್ತು. ಚಿತ್ರ ನೇತುಹಾಕಿದ್ದ ಜಾಗದ ಖಾಲಿ ಗೋಡೆ ನೋಡೋಕೆ ಜನ ಸಾಲು ನಿಂತರು. ದೊಡ್ಡಮ್ಮನೂ ಹೋಗಿ ನಿಂತರಂತೆ, ಎಪ್ಪತ್ತೆರಡನೇ ವಯಸ್ಸಿನಲ್ಲಿ. ಮೊಳೆಗಳು ಚೆನ್ನಾಗಿವೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಗೈಡಿನಲ್ಲಿ ನಕ್ಷತ್ರ ಹಾಗೇ ಇರಲಿ ಅಂತಲೂ ಸೇರಿಸಿದ್ದಾರೆ. ಅಲ್ಲಿಗೆ ಮುಗೀತು. 1912ರಲ್ಲಿ ವೆನಿಸ್ಸಿನ ಗೋಪುರ ಪೂರ್ತಿಯಾದಾಗ ಕಾರ್ಡು ಬರಲಿಲ್ಲ. ಅಥವಾ ಈ ಡಬ್ಬಿಗೆ ಬೀಳಲಿಲ್ಲ.

ಹೋದ ಮೇ ತಿಂಗಳು ವೀಸಾ ಸಿಕ್ಕಿ ನಾನೂ ವೆನಿಸ್ಸಿಗೆ ಹೋದೆ. ಗೋಪುರ ಗಟ್ಟಿಯಾಗಿ ನಿಂತಿದೆ, ಮೇಲೆ ಹೋಗೋಕೆ ಲಿಫ್ಟ್ ಇದೆ. ದೊಡ್ಡಮ್ಮನ ಗೆರೆ ಎಲ್ಲಿ ಬರುತ್ತೆ ಅಂತ ಕಾರ್ಡು ಹಿಡಿದು ನೋಡಿದೆ. ಆಮೇಲೆ ಒಂದು ಹೊಸ ಕಾರ್ಡು ಕೊಂಡು, ಸಾಗರದಲ್ಲಿರೋ ನನ್ನ ಕಾಲೇಜಿನ ಗೆಳತಿಗೆ ಬರೆಯೋಕೆ ಕೂತೆ. ಏನೇನೋ ಬರೀಬೇಕು ಅಂತಿತ್ತು. ಬರೆದದ್ದು, ಚೌಕದಲ್ಲಿ ಕೂತು ಕಾಫಿ ಕುಡಿದರೆ ಬ್ಯಾಂಡು ಬಾರಿಸಿದ್ದಕ್ಕೂ ಬಿಲ್ಲಿನಲ್ಲಿ ಸೇರಿಸ್ತಾರೆ ಅಂತ.

ಕಾರ್ಡು ತಲುಪೋಕೆ 26 ದಿನ ಹಿಡೀತು. ಅಷ್ಟರಲ್ಲಿ ಸಾಗರದಲ್ಲಿ ಮಳೆ ಶುರುವಾಗಿತ್ತು. ಒಂದು ರಾತ್ರಿ ವಾಟ್ಸಾಪಿನಲ್ಲಿ ಅವಳ ಫೋಟೋ ಬಂತು. ಕಾರ್ಡಿನ ಮೂಲೆ ನೆನೆದು ಶಾಯಿ ಹರಡಿದೆ. ಕೆಳಗೆ ಅವಳ ಧ್ವನಿ.

‘ಕಾಫಿ ಕತೆ ಓದಿ ನಕ್ಕೆ ಕಣೇ. ಮೂರನೇ ಸಾಲು ಮಾತ್ರ ಅಳಿಸಿ ಹೋಗಿದೆ. ಮಂಡಿ ಅಂತ ಕಾಣುತ್ತೆ. ಇಲ್ಲಾ ಮಂಡಕ್ಕಿನಾ?’

ಫೋಟೋ ದೊಡ್ಡದು ಮಾಡಿ ನೋಡಿದೆ. ನನಗೂ ನೆನಪಾಗಲಿಲ್ಲ. ಮಂಡಕ್ಕಿ ಇರಬಹುದು ಅಂದೆ.

‘ವೆನಿಸ್ಸಲ್ಲಿ ಮಂಡಕ್ಕಿ ಎಲ್ಲಿ ಸಿಗುತ್ತೆ ನಿಂಗೆ’ ಅಂದಳು. ‘ಸರಿಯಾಗಿ ಇನ್ನೊಂದು ಬರಿ.’